ಹನ್ನೊಂದರಲ್ಲಿ ಎಡವುವ ಎಣಿಕೆ: ಕೂಸಿನ ಸಿಪಿಆರ್, ನಮ್ಮ ವಾರ್ಡಿನ ಅನುಭವ

ಹೃದಯ ನಿಂತ ಕೂಸಿಗೆ ಎದೆ ಒತ್ತಿ ಉಸಿರು ಕೊಡುವುದೇ ಸಿಪಿಆರ್. ಇಬ್ಬರಿದ್ದರೆ 15:2, ಅಂದರೆ 15 ಒತ್ತಿಗೆ 2 ಉಸಿರು, ಅದು ಎಲ್ಲರಿಗೂ ಗೊತ್ತು. ಅದನ್ನೇ ಕನ್ನಡದಲ್ಲಿ ಎಣಿಸಿ ನೋಡಿ. ಹತ್ತರವರೆಗೆ ಸರಾಗ. ಹನ್ನೊಂದು, ಹನ್ನೆರಡು, ಹದಿಮೂರು ಬಂತೋ, ಬಾಯಿ ಎಳೆಯುತ್ತದೆ, ಬಾಯಿಯ ಹಿಂದೆ ಕೈಯೂ ನಿಧಾನವಾಗುತ್ತದೆ. ನಿಮಿಷಕ್ಕೆ 100–120 ಇರಬೇಕಾದ ಒತ್ತು ಅಲ್ಲಿ 90ರ ಆಸುಪಾಸಿಗೆ ಇಳಿಯುತ್ತಿತ್ತು. ಈಗ ‘ಒಂದ್-ಎರಡ್-ಮೂರ್-ನಾಲ್ಕ್-ಐದ್’ ಮೂರು ಸಲ, ಕೊನೆಯ ‘ಐದ್’ಗೆ ದನಿ ಏರಿಸುವುದು. ಉಸಿರು ಕೊಡುವ ಬ್ಯಾಗ್ ಹಿಡಿದವರಿಗೆ ಅದೇ ಸೂಚನೆ. ಅಂಗನವಾಡಿ ಎಣಿಕೆ ಅಂತ ನಕ್ಕವರೂ ಈಗ ಹಾಗೇ ಎಣಿಸುತ್ತಾರೆ. ತಾಳ ಹಾಕುವ ಮೆಟ್ರೊನೋಮ್ ಆ್ಯಪ್ 110ಕ್ಕಿಟ್ಟೂ ನೋಡಿದ್ದಾಯಿತು; ಅಲಾರಂ ಗದ್ದಲದಲ್ಲಿ ಕೇಳಿಸಲೇ ಇಲ್ಲ.

ತರಬೇತಿಯ ಗೊಂಬೆಗೆ, ಅಂದರೆ ಮ್ಯಾನಿಕಿನ್‌ಗೆ ದುಡ್ಡಿರಲಿಲ್ಲ. ಜಾತ್ರೆಯ ರಬ್ಬರ್ ಗೊಂಬೆ, ಸ್ಪಾಂಜು, ಎಲ್ಲ ಸೇರಿ 400 ರೂಪಾಯಿಯೊಳಗೆ. ಮೊದಲ ಗೊಂಬೆಯ ಎದೆ ಎರಡೇ ದಿನಕ್ಕೆ ಕುಸಿಯಿತು. ಒತ್ತಿನ ಆಳ 4 ಸೆಂ.ಮೀ. ಮುಟ್ಟಿದಾಗ ‘ಟಕ್’ ಅನ್ನಲು ಒಳಗೇನಿಟ್ಟಿದ್ದೇವೆ ಅನ್ನೋದು ಸದ್ಯ ನಮ್ಮಲ್ಲೇ ಇರಲಿ. ಎದೆಯನ್ನು ಎರಡೂ ಕೈಯಿಂದ ಸುತ್ತಿ ಹಿಡಿದು ಎರಡು ಹೆಬ್ಬೆರಳಿನಿಂದ ಒತ್ತುವ ಪಟ್ಟಿನಲ್ಲಿ ಎಲ್ಲರೂ ತಪ್ಪುವುದು ಒಂದೇ ಕಡೆ: ಬೆನ್ನ ಹಿಂದಿನ ಬೆರಳುಗಳನ್ನು ಬಿಗಿ ಹಿಡಿಯುತ್ತಾರೆ, ಎದೆ ಪೂರ್ತಿ ಮೇಲೇಳುವುದಿಲ್ಲ.

ಮೂಳೆಯೊಳಗೆ ಔಷಧಿ ಬಿಡುವ ಐಒ ಸೂಜಿಯ ಅಭ್ಯಾಸ ಕೋಳಿ ಕಾಲಿನ ಮೇಲೆ. ತಿರುಚದೆ ತಳ್ಳಿದರೆ ಸೂಜಿ ಆಚೆ ಬದಿಗೂ ತೂರುತ್ತದೆ. ಸಲೈನ್ ಬಿಟ್ಟಾಗ ಹಿಂಬದಿಯ ಮಾಂಸ ಉಬ್ಬುವುದು ಕಣ್ಣಿಗೇ ಕಾಣುತ್ತದೆ. ಆ ಉಬ್ಬು ನೋಡಿದವರು ಮತ್ತೆ ತಳ್ಳಲಿಲ್ಲ.

ಹೃದಯ ಮತ್ತೆ ಬಡಿಯಲೆಂದು ಕೊಡುವ ಅಡ್ರಿನಲಿನ್‌ನಲ್ಲಿ ‘ಅರ್ಧ ಆಂಪ್ಯೂಲ್ ಕೊಡಿ’ ಎಂಬ ಮಾತೇ ನಿಷೇಧ. 1 ಮಿ.ಗ್ರಾಂ.ನ 1 ಮಿ.ಲೀ. ಆಂಪ್ಯೂಲ್‌ಗೆ 9 ಮಿ.ಲೀ. ಸಲೈನ್, ಆ ಮಿಶ್ರಣ ತೂಕದ ಕಿಲೋಗೆ 0.1 ಮಿ.ಲೀ. ಆರು ಕಿಲೋ ಕೂಸಿಗೆ 0.6. ಹತ್ತರ ಸಿರಿಂಜ್‌ನಲ್ಲಿ 0.6 ಅಂದರೆ ಅಂದಾಜೇ, ಹಾಗಾಗಿ ತ್ರೀ-ವೇ (ಮೂರು ಬಾಯಿಯ ನಲ್ಲಿ) ಹಾಕಿ 1 ಮಿ.ಲೀ. ಸಿರಿಂಜ್‌ಗೆ ಎಳೆದುಕೊಳ್ಳುತ್ತೇವೆ. ಪ್ರತಿ ಡೋಸ್ ಹಿಂದೆ ಔಷಧಿಯನ್ನು ಒಳತಳ್ಳಲು 5 ಮಿ.ಲೀ. ಸಲೈನ್ ಫ್ಲಶ್. ಮತ್ತೆ ಬೇಕಾದರೆ 3–5 ನಿಮಿಷಕ್ಕೊಮ್ಮೆ. ಗೋಡೆ ಗಡಿಯಾರ ನಂಬಬೇಡಿ, ಹೊತ್ತು ಬರೆದಿಡಲು ಒಬ್ಬರ ಕೈಯಲ್ಲಿ ಪೆನ್ನೇ ಇರಲಿ.

ಹೆಚ್ಚು ಕೆಡುವುದು ಪಲ್ಸ್ ಬಂದ ಮೇಲೆ. ಖುಷಿಯಲ್ಲಿ ಬ್ಯಾಗ್ ಒತ್ತುತ್ತಲೇ ಇರುತ್ತಾರೆ. ಕಾರ್ಬನ್ ಡೈಆಕ್ಸೈಡ್ ಇಳಿದು ಮಿದುಳಿಗೆ ರಕ್ತ ಕಡಿಮೆಯಾಗುತ್ತದೆ. ‘ಒತ್ತು, ಬಿಡು, ಬಿಡು’ ಅಂತ ಜೋರಾಗಿ ಹೇಳಿಸುತ್ತೇವೆ. ಆಕ್ಸಿಜನ್ ಇಳಿಸುತ್ತಾ ಸ್ಯಾಚುರೇಷನ್ (ರಕ್ತದ ಆಕ್ಸಿಜನ್ ಮಟ್ಟ) ಶೇ. 94–99ರಲ್ಲಿ ನಿಲ್ಲಿಸಬೇಕು. ರಕ್ತದ ಸಕ್ಕರೆಯನ್ನೂ ನೋಡಬೇಕು, ಹಾಗಾಗಿ ಗ್ಲುಕೋಮೀಟರ್ ಟ್ರಾಲಿಯಲ್ಲೇ ಇರಬೇಕು, ಬೀರುವಿನಲ್ಲಲ್ಲ.

ಕೂಸನ್ನು ಬೆಚ್ಚಗಿಡುವ ವಾರ್ಮರ್ ವಿಷಯದಲ್ಲಿ ನಾವೂ ಎಡವಿದ್ದೇವೆ. ಮ್ಯಾನುಯಲ್‌ನಲ್ಲೇ ಉಳಿದಿತ್ತು, ಮೈಬಿಸಿ ಅಳೆಯುವ ಪ್ರೋಬ್ ಕಳಚಿತ್ತು, ಕೂಸಿನ ಮೈ 38 ದಾಟಿತು. ಏಟು ತಿಂದ ಮಿದುಳಿಗೆ ಜ್ವರ ಎರಡನೇ ಏಟು. ಈಗ ಪಲ್ಸ್ ಸಿಕ್ಕ ಕೂಡಲೇ ಒಬ್ಬರು ವಾರ್ಮರನ್ನು ಮೈಬಿಸಿ ನೋಡಿ ತಾನೇ ಏರಿಳಿಯುವ ಸರ್ವೋ ಮೋಡ್‌ಗೆ ಹಾಕಿ ಪ್ರೋಬ್ ಅಂಟಿಸುತ್ತಾರೆ, 37.5 ದಾಟದಂತೆ ನೋಡಿಕೊಳ್ಳುತ್ತಾರೆ. 108ಕ್ಕೆ ಹತ್ತಿಸುವ ಮುನ್ನ ಇನ್ನೊಮ್ಮೆ ಥರ್ಮಾಮೀಟರ್.