ಬ್ಯಾಸಗಿಯಾಗ ಬೋನ್ಸಾಯ್ ಉಳಿಸಬೇಕಂದ್ರ

ಕಲಬುರಗಿಯಾಗ ಹೊಸದಾಗಿ ಬೋನ್ಸಾಯ್ (ಸಣ್ಣ ಕುಂಡದಾಗ ಗಿಡ್ಡಾಗಿ ಬೆಳೆಸೋ ಮರ) ತಂದವರು ಮೊದಲು ಮಣ್ಣು ನೋಡ್ರಿ. ಹೊಲದ ಎರಿ ಮಣ್ಣು ಹಾಕಬ್ಯಾಡ್ರಿ. ತೊಗರಿಗೆ ಅದು ಛಲೋ, ತಾಟಿನಂಥ ಕುಂಡಕ್ಕ ಆಗಂಗಿಲ್ಲ. ಹಸಿ ಇದ್ದಾಗ ನೀರು ಬಿಡಂಗಿಲ್ಲ, ಒಣಗಿದ್ರ ಬಿರುಕು ಬಿಟ್ಟು ಬೇರು ಹರೀತದ. ಇಟ್ಟಿಗಿ ಕುಟ್ಟಿ, ಜರಡಿ ಹಿಡಿದು ಪುಡಿ ತೆಗೆದು ಚೆಲ್ರಿ. ಕಡ್ಲಿಕಾಳಿಗಿಂತ ಸಣ್ಣ ಚೂರು ಅರ್ಧ, ಉಳಿದದ್ದು ದಪ್ಪ ಉಸುಕು, ಪೂರಾ ಕಳಿತ ಸಗಣಿ ಗೊಬ್ಬರ. ಕುಂಡದ ತಳಕ್ಕ ತೂತು ಇರಲೇಬೇಕು.

ನೀರಿಗೆ ಟೈಮ್‌ಟೇಬಲ್ ಬ್ಯಾಡ. ಬೆರಳು ಅರ್ಧ ಇಂಚು ಇಳಿಸಿ ನೋಡ್ರಿ, ಒಣಗಾಕ ಹತ್ತಿದ್ರ ತಳದಿಂದ ಹರಿಯೋತನಕ ಹಾಕ್ರಿ. ಏಪ್ರಿಲ್, ಮೇದಾಗ ಬಿಸಿಲು 40 ಡಿಗ್ರಿ ದಾಟಿದಾಗ ಮುಂಜಾನಿ, ಸಂಜಿ ಎರಡೂ ಹೊತ್ತು ಬೇಕಾಗಬಹುದು. ಮಾಳಗಿ ಮ್ಯಾಲಿದ್ರ ಹಸಿರು ನೆಟ್ ಕಟ್ರಿ. ಹಂಗಂತ ಒಳಗ ಟಿವಿ ಪಕ್ಕ ಇಟ್ಟು ಕೂಡಬ್ಯಾಡ್ರಿ, ಬಿಸಿಲಿಲ್ಲದ ಗಿಡ ಸೊರಗತದ.

ಜುನಿಪರ್ ಅನ್ನೋ ಸೂಜಿ ಎಲಿ ಗಿಡದ ಆಸೆ ಸದ್ಯ ಬಿಡ್ರಿ, ಅದಕ್ಕ ತಂಪು ಹವಾ ಬೇಕು. ಆಲ, ಬಸರಿ, ಬೋಗನ್‌ವಿಲ್ಲಾ ನಮ್ಮ ಬಿಸಿಲು ತಡಕೋತಾವ. ದಪ್ಪ ಎಲಿ ಜೇಡ್ ಗಿಡ ಸಹ ಆಗತದ, ಅದಕ್ಕ ಮಾತ್ರ ಮಣ್ಣು ಪೂರಾ ಒಣಗಿದ ಮ್ಯಾಲೇ ನೀರು. ಬೇರು ಕತ್ತರಿಸಿ ಕುಂಡ ಬದಲಿಸೋದು ಮಳಿ ಹಿಡಿದ ಮ್ಯಾಲ ಮಾಡ್ರಿ.