ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನೋದೇ ಮೊದಲ ಪ್ರಶ್ನೆ

ಎಂ.ಎಸ್ಸಿ. ನರ್ಸಿಂಗ್ ಮಾಡುವ ಹುಡುಗಿಯರು ಥೀಸಿಸ್ ಹೊತ್ತಿಗೆ ನನಗೆ ಫೋನ್ ಮಾಡುತ್ತಾರೆ. "ಅಕ್ಕಾ, ರೋಗಿಯ ಮನೆಯವರ ಹೊರೆ ಅಳೆಯೋಕೆ ಯಾವ ಸ್ಕೇಲ್ ತಗೊಳ್ಳಲಿ?" ಹೆಚ್ಚು ಕಡಿಮೆ ಎಲ್ಲರದ್ದೂ ಇದೇ ಪ್ರಶ್ನೆ. ನಾನು ತಿರುಗಿ ಕೇಳುತ್ತೇನೆ: "ಪ್ರಶ್ನೆ ಕೇಳುವಾಗ ಅವರನ್ನ ಎಲ್ಲಿ ಕೂರಿಸ್ತೀಯಾ?" ಹೆಚ್ಚಿನವರು ಅದನ್ನು ಯೋಚಿಸಿಯೇ ಇರೋದಿಲ್ಲ.

ನಾನು ದಾವಣಗೆರೆಯಲ್ಲಿ ಮನೋರೋಗ ವಾರ್ಡಿನ ನರ್ಸ್. ಕೆಲಸ ಮಾಡುತ್ತಲೇ ಎಂ.ಎಸ್ಸಿ. ಮಾಡಿದೆ. ಥೀಸಿಸ್‌ಗೆ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ ಅನುಮಾನ ಕಾಡುವ ಮನೋರೋಗ) ಇರುವವರ ಮನೆಯವರನ್ನು ಮಾತಾಡಿಸಿದೆ. ಆಮೇಲೆ ವಾರ್ಡಿನ ನರ್ಸ್‌ಗಳ ದಣಿವಿನ ಬಗ್ಗೆ ಇನ್ನೊಂದು ಸಣ್ಣ ಅಧ್ಯಯನ ಮಾಡಿದೆ. ಎರಡರಲ್ಲೂ ನನಗೆ ಕಂಡಿದ್ದು ಒಂದೇ. ಪ್ರಶ್ನೆ ಎಷ್ಟೇ ಚೆನ್ನಾಗಿರಲಿ, ಉತ್ತರ ನಿಂತಿರೋದು ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನೋದರ ಮೇಲೆ.

ಸ್ಕೇಲಿನ ಮಾತು ಬೇಗ ಮುಗಿಸಿಬಿಡೋಣ. ಮನೆಯವರ ಹೊರೆ ಅಳೆಯುವ ಜಾರಿಟ್ ಪ್ರಶ್ನಾವಳಿ ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು. 22 ಪ್ರಶ್ನೆ, ಒಂದೊಂದಕ್ಕೆ 0ಯಿಂದ 4 ಅಂಕ, ಒಟ್ಟು 88. ಅದನ್ನು ಅಮೆರಿಕದಲ್ಲಿ ಮಾಡಿದ್ದು ಮರೆವಿನ ಕಾಯಿಲೆ ಬಂದ ಹಿರಿಯರನ್ನು ನೋಡಿಕೊಳ್ಳುವ ಮನೆಯವರಿಗಾಗಿ. ಸ್ಕಿಜೋಫ್ರೇನಿಯಾಗೂ ಅದನ್ನೇ ಬಳಸುವವರಿದ್ದಾರೆ, ತಪ್ಪೇನಿಲ್ಲ. ನಾನು ಆರಿಸಿಕೊಂಡಿದ್ದು ಸ್ಕಿಜೋಫ್ರೇನಿಯಾ ಬಗ್ಗೆ ಸಂಶೋಧನೆ ಮಾಡುವ ಚೆನ್ನೈನ ಸ್ಕಾರ್ಫ್ ಸಂಸ್ಥೆಯ ಡಾ. ತಾರಾ ಮತ್ತು ಅವರ ಜೊತೆಗಾರರು 1998ರಲ್ಲಿ ಪ್ರಕಟಿಸಿದ 40 ಪ್ರಶ್ನೆಗಳದ್ದು. ನಮ್ಮ ದೇಶದ ಮನೆಯವರ ಜೊತೆ ಮಾತಾಡಿಯೇ ಅದನ್ನು ಕಟ್ಟಿದ್ದಾರೆ. ಉತ್ತರವೂ ಮೂರೇ: ಇಲ್ಲವೇ ಇಲ್ಲ, ಸ್ವಲ್ಪ ಮಟ್ಟಿಗೆ, ತುಂಬಾ. ನಮ್ಮ ಕಡೆಯ ಅಜ್ಜಿಯರಿಗೆ ಐದು ಮೆಟ್ಟಿಲಿನ ಉತ್ತರ ಕೊಟ್ಟು ಆರಿಸಿ ಅಂದರೆ "ನೀವೇ ಒಂದ್ ಹಾಕ್ಕೊಳ್ರಿ" ಅಂತಾರೆ. ಬಳಸೋಕೆ ಅನುಮತಿ, ಕನ್ನಡಕ್ಕೆ ತಂದದ್ದನ್ನು ಇನ್ನೊಬ್ಬರಿಂದ ವಾಪಸ್ ಇಂಗ್ಲಿಷಿಗೆ ಮಾಡಿಸಿ ಹೋಲಿಸೋದು, ಸಂಶೋಧನೆಯಿಂದ ಯಾರಿಗೂ ಅನ್ಯಾಯ ಆಗದಂತೆ ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ, ಇವೆಲ್ಲ ಆಗಲೇಬೇಕು. ಅದನ್ನ ನಿಮ್ಮ ಗೈಡ್ ಹೇಳಿಕೊಡ್ತಾರೆ.

ಮೊದಲು ಕೆಲವರ ಮೇಲೆ ಪ್ರಯೋಗ ಮಾಡಿ ನೋಡುವ ಹಂತ ಇರುತ್ತದಲ್ಲ, ಅಲ್ಲೇ ವಿಷಯ ಹೊರಬಿತ್ತು. ಓಪಿಡಿ (ಹೊರರೋಗಿ ವಿಭಾಗ) ಹೊರಗಿನ ಬೆಂಚಿನಲ್ಲಿ ಕೂರಿಸಿ ಕೇಳಿದಾಗ ಯಾರಿಗೂ ಏನೂ ಕಷ್ಟವೇ ಇರಲಿಲ್ಲ. ನಿದ್ದೆ ಬರುತ್ತದೆ, ದುಡ್ಡಿಗೆ ತೊಂದರೆ ಇಲ್ಲ, ನೆಂಟರು ಬಂದು ಹೋಗುತ್ತಾರೆ. ಯಾಕಂದರೆ ಕಾಯಿಲೆಯ ಮಗ ಪಕ್ಕದಲ್ಲೇ ಕೂತಿರುತ್ತಾನೆ. ಅವನೆದುರು ಯಾವ ತಾಯಿ "ಇವನಿಂದ ನನಗೆ ತುಂಬಾ ಹೊರೆ" ಅಂತಾಳೆ? ಅಂದರೂ ಸಂಜೆ ಅದೇ ಬಸ್ಸಿನಲ್ಲಿ ಅವನ ಜೊತೆಯೇ ಊರಿಗೆ ಹೋಗಬೇಕು.

ಅದೇ ಜನರನ್ನು ಅಂಗವಿಕಲತೆ ಸರ್ಟಿಫಿಕೇಟ್ ಕೊಡುವ ಕೋಣೆಯ ಹತ್ತಿರ ಕೇಳಿದರೆ ಉತ್ತರ ತಲೆಕೆಳಗು. ಎಲ್ಲವೂ 'ತುಂಬಾ'. ಮಾನಸಿಕ ಕಾಯಿಲೆಗೆ ಸರ್ಟಿಫಿಕೇಟ್ ಕೊಡೋಕೆ ಐಡಿಯಾಸ್ ಅನ್ನೋ ಅಳತೆ ಇದೆ. ತನ್ನ ಕೆಲಸ ತಾನು ಮಾಡಿಕೊಳ್ಳೋದು, ಜನರ ಜೊತೆ ಬೆರೆಯೋದು, ಮಾತುಕತೆ, ದುಡಿಮೆ, ಹೀಗೆ ನಾಲ್ಕು ವಿಷಯಕ್ಕೆ 0ಯಿಂದ 4 ಅಂಕ. ಕಾಯಿಲೆ ಎಷ್ಟು ವರ್ಷದ್ದು ಅನ್ನೋದಕ್ಕೂ ಅಂಕ ಸೇರುತ್ತದೆ. 40 ಪರ್ಸೆಂಟ್ ಮುಟ್ಟಿದರೆ ಪಿಂಚಣಿಯಂಥ ಸೌಲಭ್ಯದ ದಾರಿ ತೆರೆಯುತ್ತದೆ. ಕೈಯಲ್ಲಿ ಪೆನ್ನು, ಫಾರಂ ಹಿಡಿದ ನರ್ಸ್ ಬಂದು ನಾಲ್ಕು ಪ್ರಶ್ನೆ ಕೇಳಿದರೆ ಇದೂ ಪಿಂಚಣಿಗೇ ಅಂದುಕೊಳ್ಳೋದು ಸಹಜ ಅಲ್ವಾ? ಅದಕ್ಕೇ ನನ್ನ ಮಾತಿನ ಮೊದಲ ವಾಕ್ಯವೇ ಇದು: "ಅಮ್ಮಾ, ಇದರಿಂದ ಪಿಂಚಣಿ ಬರೋದಿಲ್ಲ, ಇರೋ ಪಿಂಚಣಿ ಹೋಗೋದೂ ಇಲ್ಲ." ಇಷ್ಟು ಕೇಳಿ "ಹಂಗಾರೆ ಯಾಕ್ರಿ?" ಅಂತ ಎದ್ದು ಹೋದವರೂ ಇದ್ದಾರೆ. ಹೋಗಲಿ. ಅದೂ ಅವರ ಹಕ್ಕು.

ರೋಗಿಯನ್ನು ಸ್ವಲ್ಪ ಹೊತ್ತು ಬೇರೆ ಕಡೆ ಕೂರಿಸೋದು ಹೇಗೆ? ಸುಮ್ನೆ "ನೀನು ಆಚೆ ಹೋಗು" ಅಂದರೆ ಆಗೋದಿಲ್ಲ. ತನ್ನ ಬಗ್ಗೆ ಪಿತೂರಿ ನಡೀತಿದೆ ಅಂತ ಮೊದಲೇ ಅನುಮಾನ ಇರುವ ಮನುಷ್ಯ ಅವನು. ನಾನು ಕಂಡುಕೊಂಡ ದಾರಿ ತೂಕದ ಮಷಿನ್. ಈ ಕಾಯಿಲೆಗೆ ಕೊಡುವ ಓಲಾನ್ಜಪಿನ್ ತರದ ಮಾತ್ರೆ ತಗೊಳ್ಳುವವರಿಗೆ ತೂಕ, ಸಕ್ಕರೆ ಏರಬಹುದು. ತೂಕ, ಸೊಂಟದ ಸುತ್ತಳತೆ, ಬಿ.ಪಿ. ನೋಡಲೇಬೇಕು. ಜನ ಜಾಸ್ತಿ ಇದ್ದ ದಿನ ಇವು ಬಿಟ್ಟುಹೋಗುವ ಕೆಲಸಗಳು. ನನ್ನ ಜೊತೆಯ ಸಿಸ್ಟರ್ ರೋಗಿಯನ್ನು ಕರೆದುಕೊಂಡು ಹೋಗಿ ನಿಧಾನವಾಗಿ ಇದನ್ನೆಲ್ಲ ಮಾಡುತ್ತಿದ್ದರು. ಅವನ ಊಟ, ನಿದ್ದೆ ವಿಚಾರಿಸುತ್ತಿದ್ದರು. ಆ ಹೊತ್ತಿನಲ್ಲಿ ನಾನು ಮನೆಯವರ ಜೊತೆ ಒಳಕೋಣೆಯಲ್ಲಿ. ಅವನಿಗೂ ಸೇವೆ ಸಿಕ್ಕಿತು, ನನಗೂ ಮಾತು ಸಿಕ್ಕಿತು.

ಆದರೆ ಅವನಿಗೆ ಹೇಳದೆ ಅಲ್ಲ. ನನ್ನ ಅಧ್ಯಯನ ಮನೆಯವರ ಮೇಲೆ, ಹಾಗಾಗಿ ಅವರ ಸಹಿ ಸಾಕು ಅಂತ ಕೆಲವರು ಹೇಳಿದರು. ನನಗೆ ಒಪ್ಪಿಗೆ ಆಗಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಕಾಯಿಲೆ ಇದೆ ಅಂದ ಮಾತ್ರಕ್ಕೆ ತನ್ನ ಚಿಕಿತ್ಸೆಯ ನಿರ್ಧಾರ ಮಾಡೋಕೆ ಬರೋದಿಲ್ಲ ಅಂತ ಯಾರನ್ನೂ ತಳ್ಳಿಹಾಕೋದಿಲ್ಲ. ಅಂಥವನ ಬಗ್ಗೆ ಅರ್ಧ ಗಂಟೆ ಮಾತಾಡುವಾಗ ಅವನನ್ನೇ ಕೇಳದಿದ್ದರೆ ಹೇಗೆ? ಕೇಳಿದೆ. ಹೆಚ್ಚಿನವರು ಸುಮ್ಮನೆ ತಲೆ ಆಡಿಸಿದರು. ಜಗಳೂರು ಕಡೆಯ ಒಬ್ಬರು ಮಾತ್ರ ಷರತ್ತು ಹಾಕಿದರು: "ನಮ್ಮವ್ವನ್ನ ಕೇಳ್ರಿ. ಆದ್ರ ಹೊಲ ಮಾರಿದ್ದು ನನ್ನಿಂದ ಅಲ್ಲ ಅಂತ ಬರಕೊಳ್ರಿ."

ಒಳಗೆ ತಾಯಿ ಹೇಳಿದ್ದು ಬೇರೆ. ಇವನನ್ನು ಆಸ್ಪತ್ರೆ, ದೇವರು ಅಂತ ತಿರುಗಿಸಿಯೇ ಎರಡು ಎಕರೆ ಹೋಯಿತು ಅಂದರು. ಮಾತಾಡುತ್ತಾ ಹೋದಂತೆ ಆ ವರ್ಷವೇ ಹಾಕಿಸಿದ ಎರಡು ಬೋರ್‌ವೆಲ್ ಫೇಲಾದದ್ದೂ ಬಂತು. ಸಾಲ ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಹೇಳೋಕೆ ಆ ಮನೆಯಲ್ಲಿ ಯಾರಿಗೂ ಆಗುತ್ತಿರಲಿಲ್ಲ. ಸ್ಕೇಲಿನಲ್ಲಿ ದುಡ್ಡಿನ ಪ್ರಶ್ನೆಗೆ ಅವರು 'ತುಂಬಾ' ಅಂದರು, ನಾನು 'ತುಂಬಾ' ಅಂತಲೇ ಗುರುತು ಹಾಕಿದೆ. ಸ್ಕೇಲ್ ಅಳೆಯೋದು ಹೇಳುವವರಿಗೆ ಏನನ್ನಿಸುತ್ತದೆ ಅನ್ನೋದನ್ನ. ಪಕ್ಕದ ಮಾರ್ಜಿನ್‌ನಲ್ಲಿ ಬೋರ್‌ವೆಲ್ ವಿಷಯ, ಮಗನ ಮಾತು ಎರಡನ್ನೂ ಬರೆದುಕೊಂಡೆ. ಥೀಸಿಸ್‌ನಲ್ಲಿ ಟೇಬಲ್‌ಗಿಂತ ಆ ಮಾರ್ಜಿನ್‌ನಿಂದ ಬಂದ ಅಧ್ಯಾಯವೇ ಚೆನ್ನಾಗಿದೆ ಅಂತ ನನ್ನ ಅಭಿಪ್ರಾಯ. ಗೈಡ್‌ಗೆ ಹಾಗೆ ಅನ್ನಿಸಲಿಲ್ಲ. ಅವರಿಗೆ ಬೇಕಿದ್ದದ್ದು ಪಿ ವ್ಯಾಲ್ಯೂ, ಅಂದರೆ ಫಲಿತಾಂಶ ಬರೀ ಆಕಸ್ಮಿಕವೋ ಅಂತ ಅಂದಾಜು ಮಾಡೋಕೆ ಬಳಸುವ ಅಂಕಿ.

ಇನ್ನೊಂದು ದೊಡ್ಡ ವಿಷಯ. ಆಸ್ಪತ್ರೆಗೆ ಜೊತೆಯಲ್ಲಿ ಬಂದವರೇ ನೋಡಿಕೊಳ್ಳುವವರು ಅಂತ ಬರೆದುಕೊಂಡುಬಿಡುತ್ತೇವೆ. ನಮ್ಮ ಕಡೆ ಫೈಲ್ ಹಿಡಿದು ಬಸ್ ಹತ್ತಿ ಬರೋದು ಅಪ್ಪ, ಇಲ್ಲಾ ಅಣ್ಣ. ಡಾಕ್ಟರ ಹತ್ತಿರ ಮಾತಾಡೋದೂ ಅವರೇ. ಹಾಗಾಗಿ ನಾನು "ರೋಗಿಗೆ ನೀವೇನಾಗಬೇಕು?" ಅನ್ನೋದರ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಸಿದೆ: "ನಿನ್ನೆ ರಾತ್ರಿ ಮಾತ್ರೆ ಕೊಟ್ಟವರು ಯಾರು?" ಉತ್ತರ ಕೇಳಬೇಕು ನೀವು. "ನಮ್ಮ ಸೊಸೆ." "ಅವನ ತಂಗಿ, ಅವಳಿಗೆ ಮದುವೆ ಆಗಿಲ್ಲ." "ಅವನ ಹೆಂಡ್ತಿ, ಮನೇಲಿ ಅವ್ಳೇ." ಹೊರೆ ಎಷ್ಟು ಅಂತ ಅಪ್ಪನನ್ನು ಕೇಳಿದರೆ 'ಸ್ವಲ್ಪ ಮಟ್ಟಿಗೆ'. ಸರಿಯಾಗೇ ಹೇಳಿದ್ದಾರೆ, ಅವರ ಪಾಲಿಗೆ ಬಂದದ್ದು ಅಷ್ಟೇ. ಮುಂದಿನ ಸಲ ಮಾತ್ರೆ ತಗೊಳ್ಳೋಕೆ ಬರುವಾಗ ಆ ಸೊಸೆಯನ್ನೋ ತಂಗಿಯನ್ನೋ ಕರೆತನ್ನಿ ಅಂತ ಬೇಡಿಕೊಂಡೆ. ಕೆಲವರು ಕರೆತಂದರು. ಅತ್ತೆ ಜೊತೆಗೇ ಬಂದರೆ ಮತ್ತೆ ಅದೇ ಕಥೆ, ಸೊಸೆಯ ಉತ್ತರವನ್ನೂ ಅತ್ತೆಯೇ ಕೊಡುತ್ತಾರೆ. ಆಗ ಅತ್ತೆಯವರ ಬಿ.ಪಿ.ಯನ್ನೂ ನೋಡಿಸುತ್ತಿದ್ದೆವು. ನಗಬೇಡಿ, ಅವರಲ್ಲಿ ಕೆಲವರ ಬಿ.ಪಿ. ನಿಜವಾಗಲೂ ಜಾಸ್ತಿ ಇರುತ್ತಿತ್ತು.

ಹೀಗೆ ಒಂಟಿಯಾಗಿ ಸಿಕ್ಕಾಗಲೇ ಬರುವ ಮಾತು ಒಂದಿದೆ. "ಅಕ್ಕಾರೆ, ಮಾತ್ರೆ ಪುಡಿ ಮಾಡಿ ಮಜ್ಜಿಗೇಲಿ ಹಾಕ್ತೀನಿ. ಅವ್ರಿಗೆ ಗೊತ್ತಿಲ್ಲ." ಕಣ್ಣು ಬಾಗಿಲ ಕಡೆ, ಕೈ ಸೆರಗಿನ ತುದಿ ಸುತ್ತುತ್ತಿರುತ್ತದೆ. ಮಾನಸಿಕ ವಾರ್ಡಿನಲ್ಲಿ ಇದ್ದವರಿಗೆ ಇದು ಹೊಸದಲ್ಲ. ಕಾಯಿಲೆ ಇದೆ ಅಂತಲೇ ಒಪ್ಪದ ಗಂಡ, ಮಾತ್ರೆ ಬಿಟ್ಟರೆ ಹೊಡೆಯುತ್ತಾನೆ. ಅವಳು ಇನ್ನೇನು ಮಾಡಬೇಕು? ಆದರೆ ಗುಟ್ಟಾಗಿ ಕೊಟ್ಟ ಮಾತ್ರೆಯಿಂದ ಕೈ ನಡುಕವೋ ಮಂಪರೋ ಬಂದರೆ ಅವನಿಗೆ ಕಾರಣ ಗೊತ್ತಾಗೋದಿಲ್ಲ. ಗೊತ್ತಾದ ದಿನ ಅವಳ ಕೈಯಿನ ಊಟವನ್ನೇ ಬಿಡುತ್ತಾನೆ. ಊಟದಲ್ಲಿ ಏನೋ ಹಾಕಿದ್ದಾರೆ ಅನ್ನೋ ಅವನ ಅನುಮಾನ ಅಲ್ಲಿಗೆ ನಿಜವೇ ಆಗಿಬಿಡುತ್ತದೆ.

ಸಂಶೋಧನೆಗೆ ಅಂತ ಹೇಳಿದ ಗುಟ್ಟನ್ನು ನಾನು ಡಾಕ್ಟರಿಗೆ ಹೇಳಬಹುದಾ? ಇದನ್ನು ಮೊದಲೇ ತೀರ್ಮಾನಿಸಿ ಮಾಹಿತಿ ಪತ್ರದಲ್ಲಿ ಬರೆದಿದ್ದೆ, ಓದಿಯೂ ಹೇಳುತ್ತಿದ್ದೆ: ಯಾರ ಜೀವಕ್ಕಾದರೂ ಅಪಾಯ ಅನ್ನಿಸಿದರೆ ಡಾಕ್ಟರಿಗೆ ಹೇಳುತ್ತೇನೆ, ಉಳಿದದ್ದು ನೀವು ಹೇಳು ಅಂದರೆ ಮಾತ್ರ. ಮಜ್ಜಿಗೆಯ ಹೆಂಗಸನ್ನು "ಡಾಕ್ಟರ ಹತ್ತಿರ ಒಟ್ಟಿಗೆ ಹೋಗಿ ಹೇಳೋಣವಾ?" ಅಂತ ಕೇಳಿದೆ. ಮುಂದಿನ ಸಲ ನೋಡೋಣ ಅಂದರು. ಮುಂದಿನ ಸಲ ತಾವೇ ಕೇಳಿಕೊಂಡು ಬಂದರು. ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಇದೆ, ಅದಕ್ಕೆ ನಿಮ್ಮ ಗಂಡನ ಒಪ್ಪಿಗೆ ಬೇಕು, ಮಾತಾಡಿ ನೋಡೋಣ ಅಂತ ಡಾಕ್ಟರು ಅಂದರು. ಒಪ್ಪಿಸೋಕೆ ಬಹಳ ದಿನ ಹಿಡಿಯಿತು.

ಯಾವ ದಿನ ಹೋಗಬೇಕು ಅನ್ನೋದೂ ಲೆಕ್ಕಕ್ಕಿದೆ. ಮೆಕ್ಕೆಜೋಳ ಬಿತ್ತುವ ಹೊತ್ತಿಗೆ ಓಪಿಡಿ ಖಾಲಿ. ಅಮಾವಾಸ್ಯೆ ಹತ್ತಿರ ಬಂದರೆ ಎಷ್ಟೋ ಮನೆಯವರು ರೋಗಿಯನ್ನು ಕರೆದುಕೊಂಡು ಹರಿಹರ ತಾಲೂಕಿನ ಉಕ್ಕಡಗಾತ್ರಿಗೆ, ಅಜ್ಜಯ್ಯನ ಗದ್ದುಗೆಗೆ ಹೋಗುತ್ತಾರೆ. ಅದರ ಬಗ್ಗೆ ನಾನು ಮುಖ ಸಿಂಡರಿಸೋದಿಲ್ಲ. ಮೊದಲು ಎಲ್ಲಿ ತೋರಿಸಿದಿರಿ ಅಂದಾಗ ನಮ್ಮ ಮುಖ ನೋಡಿಯೇ ಅವರು ಉತ್ತರ ಕೊಡೋದು. "ಅಜ್ಜಯ್ಯನಿಗೂ ನಡಕೊಳ್ರಿ, ಮಾತ್ರೆ ಮಾತ್ರ ಬಿಡಬ್ಯಾಡ್ರಿ" ಅಂತ ಹೇಳಿದ ಮೇಲೆ ಜನ ಬಿಚ್ಚಿ ಮಾತಾಡಿದರು. ಇನ್ನೂ ಒಂದಿದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಆಗ ನಮ್ಮ ಪಕ್ಕದಲ್ಲೇ ಇದ್ದ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಮಾದರಿಯಿಂದಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದದ್ದು. ಈಗ ತಾಲೂಕು ಆಸ್ಪತ್ರೆಯಲ್ಲೇ ಮಾತ್ರೆ ಸಿಗುತ್ತದೆ. ಹಾಗಾಗಿ ದಾವಣಗೆರೆ ಊರಿನ ಓಪಿಡಿಗೆ ಬರುವವರಲ್ಲಿ ಕಾಯಿಲೆ ಜೋರಾದವರು, ಸರ್ಟಿಫಿಕೇಟ್ ಬೇಕಾದವರು ಜಾಸ್ತಿ. ಅವರನ್ನಷ್ಟೇ ಕೇಳಿ 'ಜಿಲ್ಲೆಯ ಮನೆಯವರು ಹೀಗೆ' ಅಂತ ಬರೆದರೆ ಸುಳ್ಳಾಗುತ್ತದೆ. ತಾಲೂಕು ಆಸ್ಪತ್ರೆಗಳಿಗೂ ಹೋದೆ.

ಇನ್ನು ನರ್ಸ್‌ಗಳ ಅಧ್ಯಯನ. ಅಲ್ಲಿ ಕೆಲಸದ ದಣಿವು ಅಳೆಯುವ ಮಾಸ್ಲ್ಯಾಕ್ ಪ್ರಶ್ನಾವಳಿ, ಅದೂ 22 ಪ್ರಶ್ನೆಯದ್ದೇ. ಮನಸ್ಸು ಎಷ್ಟು ಬತ್ತಿದೆ, ರೋಗಿಗಳನ್ನು ಮನುಷ್ಯರಂತೆ ನೋಡೋದು ಎಷ್ಟು ಕಡಿಮೆಯಾಗಿದೆ, ಕೆಲಸದಲ್ಲಿ ಏನಾದರೂ ಸಾಧಿಸಿದ್ದೇನೆ ಅನ್ನೋ ಭಾವನೆ ಎಷ್ಟಿದೆ ಅಂತ ಮೂರು ಭಾಗ. ಒಂದು ಕಡೆ ಫಾರಂ ಹಂಚಿದ್ದೂ, ವಾಪಸ್ ತಗೊಂಡಿದ್ದೂ ವಾರ್ಡಿನ ಇನ್‌ಚಾರ್ಜ್ ಸಿಸ್ಟರೇ. ಫಲಿತಾಂಶ ನೋಡಿದರೆ ಆ ವಾರ್ಡಿನಷ್ಟು ಸುಖಿಗಳು ಎಲ್ಲೂ ಇಲ್ಲ! ಅದನ್ನು ಬದಿಗಿಟ್ಟು ಅಂಟಿಸಿದ ಕವರ್, ಬೀಗ ಹಾಕಿದ ಡಬ್ಬಿ ಮಾಡಿಕೊಂಡೆ. ಮಾತಾಡಬೇಕು ಅಂದವರನ್ನು ಡ್ಯೂಟಿ ಮುಗಿದ ಮೇಲೆ ಕಾಲೇಜಿನ ಖಾಲಿ ಕೋಣೆಯಲ್ಲಿ ಕಂಡೆ. ಜೊತೆಗೆ ಮಂಡಕ್ಕಿ, ಮಿರ್ಚಿ. ದಾವಣಗೆರೆಯಲ್ಲಿ ಅದಿಲ್ಲದೆ ಯಾರು ಬಾಯಿ ಬಿಡ್ತಾರೆ?

ರೋಗಿ ಹೊಡೆಯುತ್ತಾನೆ ಅನ್ನೋ ಭಯ ದೊಡ್ಡದಿರಬಹುದು ಅಂತ ನಾನು ಊಹಿಸಿದ್ದೆ. ಅದು ಬಂತು, ಆದರೆ ಮೊದಲು ಬರಲಿಲ್ಲ. ಮೊದಲು ಬಂದದ್ದು ರಾತ್ರಿ ಪಾಳಿಯಲ್ಲಿ ಒಬ್ಬರೇ ಇರೋದು, ಏನಾದರೂ ಆದರೆ ಬೆಳಿಗ್ಗೆ "ನೀನೇನ್ ಮಾಡ್ತಿದ್ದೆ?" ಅನ್ನಿಸಿಕೊಳ್ಳೋದು. ಆಮೇಲೆ ರಿಜಿಸ್ಟರ್‌ಗಳು: ರೋಗಿಯ ಜೊತೆ ಕೂತು ಮಾತಾಡಿದರೆ ಅದು ಕೆಲಸ ಅಂತ ಯಾರೂ ಎಣಿಸೋದಿಲ್ಲ, ಬರೆದದ್ದು ಮಾತ್ರ ಕೆಲಸ. ಹೆಣ್ಣು ನೋಡೋಕೆ ಬಂದವರು ಯಾವ ವಾರ್ಡು ಅಂತ ಕೇಳಿ ಸುಮ್ಮನಾದದ್ದನ್ನು ಒಬ್ಬ ತಂಗಿ ನಗುನಗುತ್ತಾ ಹೇಳಿದಳು. ಮುಂದಿನ ಮಾತಿಗೆ ಅತ್ತಳು. ರೆಕಾರ್ಡರ್ ಆಫ್ ಮಾಡಿದೆ, ಅವಳು ಮತ್ತೆ ಆನ್ ಮಾಡಿಸಿದಳು.

ಬರೆಯುವಾಗ ಇನ್ನೊಂದು ತೊಡಕು. ಇದು ಬೆಂಗಳೂರಲ್ಲ. 'ಮನೋರೋಗ ವಾರ್ಡಿನ ಪುರುಷ ನರ್ಸ್, ವಯಸ್ಸು ಇಷ್ಟು' ಅಂತ ಬರೆದರೆ ಹೆಸರು ಬರೆದಂತೆಯೇ. ಅಂಥವರು ಇರೋದೇ ಬೆರಳೆಣಿಕೆಯಷ್ಟು. ಯಾವ ಹಳ್ಳಿ, ಏನು ಬೆಳೆ, ಎಷ್ಟು ಎಕರೆ ಅಂದರೂ ಸಾಕು, ಓದಿದವರಲ್ಲಿ ಒಬ್ಬರಿಗಾದರೂ ಮನೆ ಗೊತ್ತಾಗುತ್ತದೆ. ಹಾಗಾಗಿ ವಯಸ್ಸನ್ನು ಹತ್ತು ವರ್ಷದ ಗುಂಪು ಮಾಡಿದೆ, ಹಳ್ಳಿಯ ಹೆಸರು ತೆಗೆದೆ, ಗುರುತು ಹಿಡಿಯಬಹುದಾದ ಮಾತುಗಳಲ್ಲಿ ಸಂಬಂಧ ಬದಲಿಸಿದೆ, ಬದಲಿಸಿದ್ದೇನೆ ಅಂತ ಥೀಸಿಸ್‌ನಲ್ಲೇ ಬರೆದೆ. ಆ ತಂಗಿಗೆ ಅವಳ ಮಾತಿನ ಪುಟವನ್ನು ಓದಿಸಿಯೇ ಸೇರಿಸಿದೆ. ಇಲ್ಲೂ ತಾಲೂಕು, ನೆಂಟಸ್ತನ, ಎಕರೆ ಲೆಕ್ಕವನ್ನೆಲ್ಲ ಹಾಗೇ ಅದಲುಬದಲು ಮಾಡಿದ್ದೇನೆ. ಮಜ್ಜಿಗೆಯೂ ಮಜ್ಜಿಗೆ ಅಲ್ಲ.