ಮೀನೆಣ್ಣೆ ಕುಡಿದ ಡಬಲ್ ಡೆಕ್ಕರ್

ತುಕ್ಕು ಹಿಡಿಯದಿರಲಿ ಅಂತ ನನ್ನ ಹಳೆ ಡಬಲ್ ಡೆಕ್ಕರ್ ಬಸ್ಸಿಗೆ ಮೀನೆಣ್ಣೆ ಹಚ್ಚಿ ನಾಲ್ಕು ಮಳೆಗಾಲ ಮುಗಿಯಿತು. ಮೊನ್ನೆ ಬಸ್ಸಿನ ಕೆಳಗೆ ಮಲಗಿ ಚಾಸಿಯನ್ನು, ಅಂದರೆ ಅಡಿಯ ಕಬ್ಬಿಣದ ಚೌಕಟ್ಟನ್ನು, ಉದ್ದಕ್ಕೂ ಸುತ್ತಿಗೆಯಲ್ಲಿ ಬಡಿದು ನೋಡಿದೆ. ಎಲ್ಲಾ ಕಡೆ ಠಣ್ ಅಂದಿತು. ಒಂದು ಚೂರು ತುಕ್ಕಿನ ಸಿಪ್ಪೆಯೂ ಮುಖಕ್ಕೆ ಬೀಳಲಿಲ್ಲ. ಇನ್ನು ಬರೆಯಬಹುದು ಅನ್ನಿಸಿತು. ಮೊದಲೇ ಬರೆದಿದ್ದರೆ ನಕ್ಕವರೆಲ್ಲ ಇನ್ನೊಂದು ಸುತ್ತು ನಗುತ್ತಿದ್ದರು.

ಗಾಡಿ ಎಪ್ಪತ್ತರ ದಶಕದ ಅಶೋಕ್ ಲೇಲ್ಯಾಂಡ್ ಟೈಟನ್. 1967ರಲ್ಲಿ ಶುರುವಾದ ಮಾಡೆಲ್. 2019ರ ಡಿಸೆಂಬರ್‌ನಲ್ಲಿ ಮುಂಬೈ ಕಡೆಯ ಒಂದು ಗುಜರಿಯಿಂದ ತಂದೆ. ನಾಲ್ಕು ಲಕ್ಷದ ಮೇಲೆ ಚಿಲ್ಲರೆ ಕೊಟ್ಟ ನೆನಪು. ಟ್ರೇಲರ್ ಮೇಲೆ ಏರಿಸಿದರೆ ಎತ್ತರ 17 ಅಡಿ ದಾಟುತ್ತಿತ್ತು. ಅದಕ್ಕೇ ಅದರ ಚಕ್ರದ ಮೇಲೆಯೇ ಎಳೆಸಿಕೊಂಡು ಬಂದೆ. ಜೋತುಬಿದ್ದ ಕೇಬಲ್ ವೈರ್ ಎತ್ತಲು ಬಿದಿರುಕೋಲು ಹಿಡಿದ ಇಬ್ಬರು ಹುಡುಗರು ಮುಂದೆ. ಎಳೆಸಿದ್ದಕ್ಕೇ 90 ಸಾವಿರ ಹೋಯಿತು. ಕಾಳಿ ನದಿಯ ಹಳೆ ಸೇತುವೆ ಮೇಲೆ ಬರುವಾಗ ನಾನು ಮೇಲಿನ ಡೆಕ್ಕಿನಲ್ಲಿ ಕೂತು ಫೋಟೋ ತೆಗೆಯುತ್ತಿದ್ದೆ. ಅದೇ ಸೇತುವೆ 2024ರ ಆಗಸ್ಟ್‌ನಲ್ಲಿ ನದಿಗೆ ಬಿತ್ತು. ಆ ಫೋಟೋ ಈಗ ನೋಡಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಮೊದಲು ನಾನೂ ಎಲ್ಲರ ಹಾಗೆಯೇ ಮಾಡಿದೆ. ದೊಡ್ಡ ಊರಿನ ಒಂದು ಬಾಡಿ ಶಾಪ್‌ನವರನ್ನು ಕಾರವಾರದ ಕೋಡಿಬಾಗದ ನಮ್ಮ ಜಾಗಕ್ಕೇ ಕರೆಸಿದೆ. ಉಜ್ಜಿದರು, ಎಪಾಕ್ಸಿ ಪ್ರೈಮರ್ ಹೊಡೆದರು, ಪುಟ್ಟಿ ತುಂಬಿದರು, ಕೆಂಪು ಬಣ್ಣ ಬಳಿದರು. ಎರಡೂಮುಕ್ಕಾಲು ಲಕ್ಷ. ಫಳಫಳ ಹೊಳೆಯಿತು. 2020ರ ಆಗಸ್ಟ್ ಹೊತ್ತಿಗೆ ಬಣ್ಣದ ಮೇಲೆ ಗುಳ್ಳೆ. ಉಗುರಲ್ಲಿ ಕೆರೆದರೆ ಒಳಗೆ ಬಿಳಿ ಹಿಟ್ಟು. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಉಳಿದ ದಿನ ಉಪ್ಪುಗಾಳಿ. ಅಲ್ಯೂಮಿನಿಯಂ ಶೀಟು, ಅದರ ಬೆನ್ನಿಗೆ ಕಬ್ಬಿಣದ ಆಂಗಲ್, ನಡುವೆ ಉಪ್ಪುನೀರು. ಬ್ಯಾಟರಿ ಮಾಡಿಟ್ಟ ಹಾಗೆಯೇ ಅಲ್ವಾ? ಮೇಲೆ ಎಷ್ಟು ಬಣ್ಣ ಬಳಿದರೇನು, ಒಳಗಿನಿಂದ ಅಲ್ಯೂಮಿನಿಯಂ ಕರಗುತ್ತಲೇ ಇತ್ತು. ಫೋನ್ ಮಾಡಿದರೆ ಆ ಪುಣ್ಯಾತ್ಮರು ಎತ್ತಲೇ ಇಲ್ಲ.

ದಾರಿ ತೋರಿಸಿದ್ದು ನಮ್ಮ ಕೇರಿಯ ಒಬ್ಬ ತಾಂಡೇಲರು, ಅಂದರೆ ಮೀನುಗಾರಿಕೆ ದೋಣಿ ನಡೆಸುವವರು. ಎಪ್ಪತ್ತು ದಾಟಿದವರು. ಗುಳ್ಳೆ ನೋಡಿ, "ಇಡೀ ದಿನ ನೀರಲ್ಲೇ ಇರೋ ದೋಣಿ ನಿನ್ನ ಬಸ್ಸಿಗಿಂತ ಚೆನ್ನಾಗಿದೆ ಮಾರಾಯಾ, ಯಾಕೆ ಹೇಳು?" ಅಂದರು. ನಾನು ದೋಣಿ ಮರದ್ದು ಅಂದೆ. "ಅದರ ಮೊಳೆ ಮರದ್ದಾ?" ಅಂದರು. ನನ್ನ ಬಾಯಿ ಮುಚ್ಚಿತು.

ದೋಣಿಗೆ ಹಚ್ಚುವುದನ್ನೇ ಬಸ್ಸಿಗೂ ಹಚ್ಚುವುದು ಅಂತಾಯಿತು. ತಾರ್ಲೆ ಮೀನಿನ ಎಣ್ಣೆ, ಗೇರು ಸಿಪ್ಪೆಯ ಎಣ್ಣೆ, ರಾಳ. ಇಷ್ಟೇ ಸಾಮಾನು. ಗೇರೆಣ್ಣೆ ಕುಮಟಾ ಕಡೆಯಿಂದ ಡಬ್ಬದಲ್ಲಿ ತಂದೆ. ಕೈಗವಸಿಲ್ಲದೆ ಮುಟ್ಟಬೇಡಿ. ನನ್ನ ಬಲಗೈ ಮಣಿಕಟ್ಟಿನ ಚರ್ಮ ಪೂರ್ತಿ ಸುಲಿದು ಹೋಗಿತ್ತು. ಮೂರನ್ನೂ ಎಷ್ಟೆಷ್ಟು ಹಾಕಿ ಎಷ್ಟು ಹೊತ್ತು ಕಾಯಿಸಬೇಕು ಅಂತ ಮಾತ್ರ ಕೇಳಬೇಡಿ. ಹನ್ನೊಂದು ಸಲ ಕೆಡಿಸಿ ಕಲಿತದ್ದು, ಸುಮ್ನೆ ಕೊಡಲಾರೆ. ಇಷ್ಟು ಹೇಳುತ್ತೇನೆ: ಮಾರ್ಚ್-ಏಪ್ರಿಲ್ ಬಿಸಿಲಲ್ಲೇ ಹಚ್ಚಬೇಕು, ಮತ್ತು ತುಕ್ಕನ್ನು ಪೂರ್ತಿ ಕೆರೆಯಬಾರದು. ಸಡಿಲ ಇದ್ದದ್ದು ಹೋದರೆ ಸಾಕು, ಉಳಿದದ್ದು ಎಣ್ಣೆ ಕುಡಿಯುತ್ತದೆ.

ಶೀಟುಗಳನ್ನೆಲ್ಲ ಬಿಚ್ಚಿದೆ. ಕಬ್ಬಿಣಕ್ಕೂ ಅಲ್ಯೂಮಿನಿಯಂಗೂ ನಡುವೆ ಸೈಕಲ್ ಟ್ಯೂಬಿನ ಪಟ್ಟಿ ಇಟ್ಟೆ. ಬುದ್ಧಿವಂತಿಕೆ ಅಂದುಕೊಂಡಿದ್ದೆ. ಎಣ್ಣೆ ತಾಗಿ ರಬ್ಬರ್ ಉಬ್ಬಿತು, ರಿವೆಟ್ ಸಾಲು ಅಲೆಅಲೆಯಾಯಿತು. ಅದೇ ಎಣ್ಣೆ ಹಿಂದಿನ ಬ್ರೇಕ್ ಹೋಸ್‌ಗಳನ್ನೂ ತಿಂದಿತು. 22 ಸಾವಿರ ದಂಡ. ಆಮೇಲೆ ಹಳೆ ಕ್ಯಾನ್ವಾಸ್ ತಾಡಪತ್ರಿಯನ್ನು ಪಟ್ಟಿ ಕತ್ತರಿಸಿ, ಬಿಸಿ ಮಿಶ್ರಣದಲ್ಲಿ ಅದ್ದಿ ಇಟ್ಟೆ. ವಾರದಲ್ಲಿ ಕಲ್ಲಿನ ಹಾಗಾಯಿತು. ರಿವೆಟ್ ಎಲ್ಲಾ ಅಲ್ಯೂಮಿನಿಯಂನವೇ. ಚಾವಣಿಯ ಸಂದಿಗಳಿಗೆ ದೋಣಿಗೆ ಮಾಡುವ ಹಾಗೆ ಹತ್ತಿ ತುರುಕಿ ರಾಳ ಹೊಯ್ದೆ.

ಎಣ್ಣೆ ಒಣಗಿ ತಿಂಗಳಾಗಿರಲಿಲ್ಲ, 2021ರ ಮೇ ನಡುವಿಗೆ ತೌಕ್ತೆ ಚಂಡಮಾರುತ ಬಂತು. ಕಡಲ ನೀರಿನ ಸಿಡಿತ ಬಸ್ಸಿನ ತಲೆಗೂ ಹೊಡೆಯಿತು. ಬೆಳಿಗ್ಗೆ ಮೇಲೆ ಹತ್ತಿ ನೋಡಿದರೆ ಸೀಟೆಲ್ಲ ಒಣಒಣ. ಆ ದಿನ ನಾನು ಸ್ವಲ್ಪ ಜಾಸ್ತಿಯೇ ಮೆರೆದೆ.

ವಾಸನೆ? ಇತ್ತು. ಆರು ತಿಂಗಳು ಇತ್ತು. ಕೇರಿಯ ಬೆಕ್ಕುಗಳೆಲ್ಲ ಬಸ್ಸಿನಡಿಗೇ ಬಿಡಾರ ಹೂಡಿದವು. ವಾಸನೆ ಮುಚ್ಚಲು ಒಂದು ಡಬ್ಬಕ್ಕೆ ನೀಲಗಿರಿ ಎಣ್ಣೆ ಸುರಿದು ನೋಡಿದೆ. ಎರಡೂ ಸೇರಿ ಆದ ವಾಸನೆಯನ್ನು ವರ್ಣಿಸಲು ನನ್ನಿಂದಾಗದು. ಮನೆಯವಳು ಎರಡು ದಿನ ಮಾತು ಬಿಟ್ಟಳು.

ನೆಲದ ಹಲಗೆಗೆ ಶಿರಸಿ ಕಡೆ ಬಿಚ್ಚಿದ ಒಂದು ಹಳೆ ಮನೆಯ ಸಾಗವಾನಿ ಸಿಕ್ಕಿತು. ನೂರು ವರ್ಷ ಒಣಗಿದ ಮರ, ಹೊಸದರ ಅರ್ಧ ರೇಟು. ದೇವಿಮನೆ ಘಾಟಿ ಇಳಿಸಿದ ಲಾರಿ ಬಾಡಿಗೆ ಸೇರಿ 60 ಸಾವಿರದ ಒಳಗೇ ಮುಗಿಯಿತು.

ಎಂಜಿನ್ ಬಗ್ಗೆ ಹೆದರಿದ್ದೆ, ಅದೇ ಸುಲಭವಾಯಿತು. ಟ್ರಾಲರ್‌ಗಳಲ್ಲಿ ಲೇಲ್ಯಾಂಡ್‌ನದೇ ಮೆರೈನ್ ಎಂಜಿನ್ ಇರುತ್ತವಲ್ಲ. ಬೈತಖೋಲ ಬಂದರಿನ ಮೆಕ್ಯಾನಿಕ್ ಬಂದು ಕವರ್ ಬಿಚ್ಚಿದವರೇ "ಇದು ನಮ್ಮದೇ ಜಾತಿ" ಅಂದರು. ಎಂಜಿನ್ನಿನ ಡೀಸೆಲ್ ಪಂಪ್ ಮಾತ್ರ ರಿಪೇರಿಗೆ ಹುಬ್ಬಳ್ಳಿಗೆ ಹೋಗಿ ಬಂತು. ಎಂಜಿನ್ ತಲೆಯಡಿಯ ಸೀಲು, ಹೆಡ್ ಗ್ಯಾಸ್ಕೆಟ್, ಎರಡು ಸಲ ಒಡೆದು ಹೋಯಿತು, ತಪ್ಪು ನನ್ನದೇ. ಬೋಲ್ಟ್ ಬಿಗಿಯುವುದರಲ್ಲಿ ಅವಸರ.

2023ರ ಸೆಪ್ಟೆಂಬರ್ 15ರಂದು ಮುಂಬೈಯ ನಗರ ಸಾರಿಗೆ ಸಂಸ್ಥೆ ಬೆಸ್ಟ್ ತನ್ನ ಹಳೆ ಡೀಸೆಲ್ ಡಬಲ್ ಡೆಕ್ಕರ್‌ಗಳ ಕೊನೆಯ ಟ್ರಿಪ್ ಓಡಿಸಿತು. 1937ರಿಂದ ಆ ಊರಲ್ಲಿ ಓಡಿದ ಜಾತಿ. ನಾನು ಅದನ್ನು ನನ್ನ ಬಸ್ಸಿನ ಮೇಲ್ಗಡೆ, ಮುಂದಿನ ಸೀಟಲ್ಲಿ ಕೂತು ಮೊಬೈಲಲ್ಲಿ ನೋಡಿದೆ. ಕೆಳಗೆ ಎಂಜಿನ್ ಸ್ಟಾರ್ಟ್ ಮಾಡಿಯೇ ಇಟ್ಟಿದ್ದೆ.

ಒಟ್ಟು ಖರ್ಚು ಹದಿನಾರು ಲಕ್ಷದ ಹತ್ತಿರ. ಮನೆಯಲ್ಲಿ ಹನ್ನೊಂದು ಅಂತ ಹೇಳಿದ್ದೇನೆ. ರಸ್ತೆಗೆ ಇಳಿಸುವಂತಿಲ್ಲ. 2021ರ ವಿಂಟೇಜ್ ನಿಯಮ 50 ವರ್ಷ ದಾಟಿದ ಬೈಕಿಗೆ, ಕಾರಿಗೆ ಇರುವುದು, ಬಸ್ಸಿಗಲ್ಲ. ಹಾಗಾಗಿ ತೋಟದ ಗೇಟಿನಿಂದ ಬಾವಿಯ ತನಕ ಓಡುತ್ತದೆ, ಹಿಂದೆ ಬರುತ್ತದೆ. ಮಕ್ಕಳು ಮೈಸೂರಿನಲ್ಲಿ ಪ್ರವಾಸಿಗರನ್ನು ಸುತ್ತಿಸುವ ಅಂಬಾರಿ ಡಬಲ್ ಡೆಕ್ಕರ್ ನೋಡಿ ಬಂದವರು, ಇದನ್ನೂ ಅಂಬಾರಿ ಅನ್ನುತ್ತಾರೆ.

ಕಂಡಕ್ಟರ್ ಹಗ್ಗ ಎಳೆದು ಬಾರಿಸುವ ಗಂಟೆಯ ಜಾಗ ಇನ್ನೂ ಖಾಲಿ. ಹಿತ್ತಾಳೆಯದು ಯಾವುದಾದರೂ ಗುಜರಿಯಲ್ಲಿ ಕಂಡರೆ ಹೇಳಿ. ರೇಟು ಮಾತ್ರ ನನ್ನ ಹೆಸರು ಹೇಳದೆ ಕೇಳಿ.